ದೋಣಿಗೆ 61 ದಿನ, ಮನೆಗೆ?

ಮನೆ ಕಟ್ಟುವ ಕಷ್ಟವನ್ನೂ ಮದುವೆ ಮಾಡುವ ಕಷ್ಟವನ್ನೂ ಒಂದೇ ಉಸಿರಿನಲ್ಲಿ ಹೇಳುವ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆ ಗಾದೆ ಕಡಲ ದಂಡೆಯಲ್ಲಿ ಹುಟ್ಟಿದ್ದರೆ ಅದರಲ್ಲಿ ದೋಣಿಯ ದುರಸ್ತಿಗೂ ಒಂದು ಸ್ಥಾನ ದೊರೆಯುತ್ತಿತ್ತು. ಮದುವೆಯನ್ನು ಮುಂದಿನ ಮುಹೂರ್ತಕ್ಕೆ ತಳ್ಳಬಹುದು, ಮನೆಯ ಕೆಲಸವನ್ನು ಮುಂದಿನ ವರ್ಷಕ್ಕೆ ಇಡಬಹುದು. ದೋಣಿಯ ದುರಸ್ತಿಗೆ ಮಾತ್ರ ಸರ್ಕಾರವೇ ಮುಹೂರ್ತ ಇಟ್ಟುಕೊಟ್ಟಿದೆ.

ಪೂರ್ವ ಕರಾವಳಿಯಲ್ಲಿ ಪ್ರತಿ ವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಎರಡೂ ಕಡೆ ನಿಷೇಧದ ಅವಧಿ 61 ದಿನ. ತಮಿಳುನಾಡಿನಲ್ಲಿ ಮೊದಲು 45 ದಿನವಿದ್ದ ಈ ಅವಧಿ 2017ರಿಂದ 61ಕ್ಕೆ ಏರಿತು. ಮೀನು ಮೊಟ್ಟೆಯಿಟ್ಟು ಮರಿ ಮಾಡುವ ಕಾಲದಲ್ಲಿ ಕಡಲನ್ನು ಅದರ ಪಾಡಿಗೆ ಬಿಡಬೇಕೆಂಬ ಈ ನಿಯಮದ ಬಗ್ಗೆ ನನಗೆ ತಕರಾರಿಲ್ಲ. ನನ್ನ ಮಾತು ಇರುವುದು ಆ 61 ದಿನಗಳಲ್ಲಿ ದಂಡೆಯ ಮೇಲೆ ನಡೆಯುವ ಇನ್ನೊಂದು ಲೆಕ್ಕಾಚಾರದ ಬಗ್ಗೆ. ಕೈಯಲ್ಲಿರುವ ಹಣ ದೋಣಿಗೋ ಮನೆಗೋ ಎಂಬ ಪ್ರಶ್ನೆ ಅಲ್ಲಿ ವರ್ಷಕ್ಕೊಮ್ಮೆ ಏಳುತ್ತದೆ, ಬಹುತೇಕ ಪ್ರತಿ ವರ್ಷವೂ ದೋಣಿಯೇ ಗೆಲ್ಲುತ್ತದೆ.

ಕೋಯಂಬೇಡಿನಲ್ಲಿ ವಾಸಿಸುವ ನನ್ನಂಥವರಿಗೆ ಈ ಪ್ರಶ್ನೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. 1996ರಲ್ಲಿ ಆರಂಭವಾದ ಇಲ್ಲಿನ ಸಗಟು ಮಾರುಕಟ್ಟೆಗೆ ತರಕಾರಿ, ಹಣ್ಣು, ಹೂವು ಹೊತ್ತು ಬರುವ ಲಾರಿಗಳಿಗೆ ದುರಸ್ತಿಯ ಋತುವೆಂಬುದಿಲ್ಲ. ಒಂದು ಲಾರಿ ಕೆಟ್ಟರೆ ಅದನ್ನು ಗ್ಯಾರೇಜಿಗೆ ಬಿಟ್ಟು ಬೇರೊಂದನ್ನು ಕಳುಹಿಸುತ್ತಾರೆ. ಇದೇ ನಗರದ ಉತ್ತರದಂಚಿನ ಕಾಸಿಮೇಡು ಬಂದರಿನಲ್ಲಿ ಹಾಗಲ್ಲ. ಏಪ್ರಿಲ್ ನಡುವಿನಲ್ಲಿ ದೋಣಿಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ, ಒಟ್ಟಿಗೆ ದುರಸ್ತಿಗೆ ಕಾಯುತ್ತವೆ. ದೋಣಿಯನ್ನು ದಂಡೆಗೆ ಏರಿಸಲು ಸರದಿ, ಬಡಗಿಗೆ ಸರದಿ, ವೆಲ್ಡರಿಗೆ ಸರದಿ, ಎಂಜಿನ್ ಬಿಚ್ಚುವ ಮೆಕ್ಯಾನಿಕ್ಕಿಗೆ ಸರದಿ. ಬೇಡಿಕೆ ಒಮ್ಮೆಲೇ ಬಂದಾಗ ಕೂಲಿಯೂ ಏರುತ್ತದೆ.

ಕೆಲಸದ ಪಟ್ಟಿ ಉದ್ದವಾದದ್ದು. ದೋಣಿಯ ಅಡಿಗೆ ಅಂಟಿದ ಚಿಪ್ಪುಜೀವಿಗಳನ್ನು ಕೆರೆದು ತೆಗೆಯಬೇಕು. ಮರದ ದೋಣಿಯಾದರೆ ಹುಳು ತಿಂದ ಹಲಗೆಗಳನ್ನು ಬದಲಿಸಿ, ಸಂದಿಗಳಿಗೆ ಹತ್ತಿಯ ಎಳೆ ತುಂಬಿ ನೀರು ನುಗ್ಗದಂತೆ ಮಾಡಬೇಕು. ಫೈಬರ್ ದೋಣಿಯಾದರೆ ಬಿರುಕುಗಳ ಮೇಲೆ ಹೊಸ ಪದರ ಹಾಕಬೇಕು. ಪ್ರೊಪೆಲರ್, ಅದರ ದಂಡ, ಚುಕ್ಕಾಣಿ, ಎಂಜಿನ್, ಬಲೆ ಎಳೆಯುವ ಯಂತ್ರ ಎಲ್ಲವನ್ನೂ ನೋಡಬೇಕು. ಬಣ್ಣ ಬಳಿದು ನೋಂದಣಿ ಸಂಖ್ಯೆಯನ್ನು ಮತ್ತೆ ಬರೆಯಿಸಬೇಕು, ಏಕೆಂದರೆ ಈ ಅವಧಿಯಲ್ಲೇ ಮೀನುಗಾರಿಕಾ ಇಲಾಖೆಯವರು ದೋಣಿಗಳ ತಪಾಸಣೆಗೆ ಬರುತ್ತಾರೆ. ಪಕ್ಕದಲ್ಲೇ ನೆರಳು ಹುಡುಕಿಕೊಂಡು ಕುಳಿತವರು ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತಿರುತ್ತಾರೆ. ಇವೆಲ್ಲ ನಡೆಯುವುದು ಆದಾಯ ಶೂನ್ಯವಾಗಿರುವ ಎರಡು ತಿಂಗಳಿನಲ್ಲಿ.

ಮನೆಯ ಪಟ್ಟಿಯೂ ಚಿಕ್ಕದಲ್ಲ. ಉಪ್ಪುಗಾಳಿ ದೋಣಿಯ ಮೊಳೆಯನ್ನು ತಿನ್ನುವಂತೆಯೇ ಮನೆಯ ತಾರಸಿಯೊಳಗಿನ ಕಬ್ಬಿಣವನ್ನೂ ತಿನ್ನುತ್ತದೆ. ಕಬ್ಬಿಣ ತುಕ್ಕು ಹಿಡಿದು ಉಬ್ಬಿದಾಗ ಕಾಂಕ್ರೀಟು ಒಡೆದು ಚೂರುಚೂರಾಗಿ ಉದುರುತ್ತದೆ. ಕಿಟಕಿಯ ಸರಳು, ಬಾಗಿಲ ತಿರುಗಣಿ, ನೀರಿನ ಕೊಳವೆ ಯಾವುದೂ ಒಳನಾಡಿನ ಮನೆಯಷ್ಟು ಕಾಲ ಬಾಳುವುದಿಲ್ಲ. ಎಂ.ಎ. ತರಗತಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಇಲ್ಲಿ ಕೆನೆತ್ ಗ್ರಹಾಂ 1908ರಲ್ಲಿ ಪ್ರಕಟಿಸಿದ ‘ದಿ ವಿಂಡ್ ಇನ್ ದಿ ವಿಲ್ಲೋಸ್’ ಕಾದಂಬರಿಯ ಆರಂಭ ನೆನಪಾಗುತ್ತದೆ. ವಸಂತದಲ್ಲಿ ಮನೆಗೆ ಸುಣ್ಣ ಬಳಿಯುತ್ತಿದ್ದ ಒಂದು ಪುಟ್ಟ ಪ್ರಾಣಿ ಬೇಸತ್ತು ಕುಂಚ ಎಸೆದು ಹೊರಬೀಳುತ್ತದೆ, ನದಿಯ ಬಳಿ ಗೆಳೆಯನೊಬ್ಬ ಸಿಕ್ಕು ಅವನ ದೋಣಿ ಹತ್ತುತ್ತದೆ. ಅಲ್ಲಿ ಮನೆಗೆಲಸವೆಂದರೆ ದುಡಿಮೆ, ದೋಣಿಯೆಂದರೆ ವಿಹಾರ. ಕಾಸಿಮೇಡಿನಲ್ಲಾಗಲಿ ಮಲ್ಪೆಯಲ್ಲಾಗಲಿ ಎರಡೂ ದುಡಿಮೆಯೇ. ಮನೆಯ ಕುಂಚವನ್ನು ಕೆಳಗಿಟ್ಟವರು ದೋಣಿಯ ಕುಂಚವನ್ನು ಎತ್ತಿಕೊಳ್ಳಬೇಕು.

ಆದರೂ ಚೆನ್ನೈಯ ಮೀನುಗಾರರಿಗೆ ಒಂದು ಅನುಕೂಲವಿದೆ. ನಿಷೇಧದ ಕಾಲ ಇಲ್ಲಿ ಕಡುಬೇಸಿಗೆ. ದೋಣಿಗೆ ಬಳಿದ ಬಣ್ಣವೂ ಮನೆಗೆ ಬಳಿದ ಬಣ್ಣವೂ ಸಂಜೆಯೊಳಗೆ ಒಣಗುತ್ತವೆ. ತಾರಸಿ ಸೋರುವುದು ಅಕ್ಟೋಬರಿನಲ್ಲಿ ಶುರುವಾಗುವ ಈಶಾನ್ಯ ಮಾರುತದ ಮಳೆಗೆ. ಜೂನ್ 15ರಂದು ದೋಣಿ ಕಡಲಿಗಿಳಿದ ಮೇಲೂ ಮನೆಗೆ ನಾಲ್ಕು ತಿಂಗಳ ಅವಕಾಶ ಉಳಿಯುತ್ತದೆ, ಹೊಸ ಋತುವಿನ ಸಂಪಾದನೆಯೂ ಅಷ್ಟರಲ್ಲಿ ಕೈಸೇರಿರುತ್ತದೆ.

ನಮ್ಮ ಕರಾವಳಿಯಲ್ಲಿ ಕಾಲ ಹೀಗೆ ಒದಗಿ ಬರುವುದಿಲ್ಲ. ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರಗಳಲ್ಲಿ ನಿಷೇಧ ಆರಂಭವಾಗುವುದು ಮಳೆಗಾಲದೊಂದಿಗೇ. ಜೂನ್, ಜುಲೈ ಎಂದರೆ ಅಲ್ಲಿ ವರ್ಷದ ಮಳೆಯ ದೊಡ್ಡ ಪಾಲು ಸುರಿಯುವ ತಿಂಗಳುಗಳು. ದೋಣಿಯ ಕೆಲಸವನ್ನು ಟಾರ್ಪಾಲಿನ ಕೆಳಗೆ, ಬಿಸಿಲು ಬಂದಷ್ಟು ಹೊತ್ತು ಎಂಬಂತೆ ಮಾಡಬೇಕು. ಮನೆಯ ಕೆಲಸವನ್ನಂತೂ ಆಗ ಮಾಡುವಂತೆಯೇ ಇಲ್ಲ. ಹಂಚಿನ ಮಾಡಿನ ಮನೆಯಾದರೆ ಹಂಚು ಇಳಿಸಿ, ಪಾಚಿ ತೊಳೆದು, ಗೆದ್ದಲು ಹಿಡಿದ ಪಕ್ಕಾಸು ರೀಪುಗಳನ್ನು ಬದಲಿಸಿ, ಒಡೆದ ಹಂಚಿನ ಜಾಗಕ್ಕೆ ಹೊಸ ಹಂಚು ಕೂರಿಸುವುದೆಲ್ಲ ಮೇ ತಿಂಗಳೊಳಗೆ ಮುಗಿಯಬೇಕು. ಆ ಹೊತ್ತಿಗೆ ಗಂಡಸರು ಋತುವಿನ ಕೊನೆಯ ಮೀನಿಗಾಗಿ ಇನ್ನೂ ಕಡಲಲ್ಲಿರುತ್ತಾರೆ. ಕೈಗೆ ಬಂದ ಹಣವನ್ನು ಜೂನಿನ ದೋಣಿ ಖರ್ಚಿಗೆಂದು ತೆಗೆದಿಡಲಾಗುತ್ತದೆ. ಮಾಡಿನ ಕೆಲಸದವರನ್ನು ಕರೆಸುವುದು, ಹಂಚು ತರಿಸುವುದು, ಹಣ ಸಾಲದಿದ್ದರೆ ಒಡವೆಯನ್ನು ಅಡವಿಡುವುದು ಹೆಂಗಸರ ಪಾಲಿಗೆ ಬರುತ್ತದೆ. ಮೊಗವೀರರ ಅಳಿಯಕಟ್ಟಿನ ಸಂಪ್ರದಾಯದಲ್ಲಿ ಮನೆತನ ಸಾಗುತ್ತಿದ್ದುದು ಹೆಣ್ಣಿನ ಸಾಲಿನಲ್ಲಿ. ಮನೆಯ ಹೊಣೆ ಇಂದಿಗೂ ಅವಳದೇ. ಹಣದ ತೀರ್ಮಾನವನ್ನು ಮಾತ್ರ ಬಂದರಿನ ಪಂಚಾಂಗ ಮಾಡುತ್ತದೆ.

ಕಾಸರಗೋಡಿನ ಕನ್ನಡಿಗ ಮೀನುಗಾರರ ಪಂಚಾಂಗ ಮತ್ತೂ ಬೇರೆ. ಕೇರಳದ ಟ್ರಾಲಿಂಗ್ ನಿಷೇಧ 52 ದಿನಗಳದು, ಅದೂ ಜುಲೈ 31ಕ್ಕೇ ಮುಗಿಯುತ್ತದೆ. ಒಂದೇ ಕಡಲು, ಒಂದೇ ಮಳೆ, ಗಡಿಯ ಎರಡು ಬದಿಗೆ ಎರಡು ಲೆಕ್ಕ. ಇನ್ನು ದೋಣಿಯ ಒಡೆಯರಲ್ಲದ ಕಲಾಸಿಗಳ ಸ್ಥಿತಿ ಎಲ್ಲೆಡೆಯೂ ಒಂದೇ. ಅವರಿಗೆ ದೋಣಿಯ ಖರ್ಚಿಲ್ಲ ನಿಜ, ಆದರೆ ಪಾಲಿನ ಆದಾಯವೂ ಇಲ್ಲ. ಬಲೆ ಹೆಣೆಯುವ ದಿನಗೂಲಿ ಸಿಕ್ಕರೆ ಆಯಿತು.

ಹತ್ತು ತಿಂಗಳು ಸಂಪಾದಿಸುವವರು ಎರಡು ತಿಂಗಳಿಗೆ ಉಳಿಸಿಕೊಳ್ಳಬಾರದೇ ಎಂದು ಸಂಬಳದಾರರಾದ ನಾವು ಕೇಳುವುದುಂಟು. ಈ ಪ್ರಶ್ನೆ ತಪ್ಪಲ್ಲ, ಆದರೆ ಅದನ್ನು ಕೇಳುವ ಮುನ್ನ ನಮ್ಮ ಅನುಕೂಲಗಳನ್ನು ಎಣಿಸಿಕೊಳ್ಳುವುದು ಒಳ್ಳೆಯದು. ಕೇಂದ್ರ ಸರ್ಕಾರಿ ನೌಕರನಾದ ನಾನು ಮನೆ ಕಟ್ಟಲು ಬಯಸಿದರೆ, 2017ರ ನಿಯಮದಂತೆ 34 ತಿಂಗಳ ಮೂಲವೇತನ ಅಥವಾ 25 ಲಕ್ಷ ರೂಪಾಯಿ, ಇವುಗಳಲ್ಲಿ ಕಡಿಮೆಯಾದದ್ದರ ಮಿತಿಯೊಳಗೆ ಮುಂಗಡ ಪಡೆಯಬಹುದು. ಇರುವ ಮನೆಯನ್ನು ವಿಸ್ತರಿಸಲು 10 ಲಕ್ಷದವರೆಗೆ ಅವಕಾಶವಿದೆ. ಕಂತು ಸಂಬಳದಿಂದ ತಾನಾಗಿ ಮುರಿದುಹೋಗುತ್ತದೆ. ನನ್ನ ಜೀವನೋಪಾಯದ ಸಾಧನವಾದ ಕಚೇರಿಯ ಮೇಜು ಮುರಿದರೆ ಅದನ್ನು ಸರಿಪಡಿಸುವ ಹೊಣೆ ಕಚೇರಿಯದು. ಮೇಜಿಗೂ ಮನೆಗೂ ನಡುವೆ ಆಯ್ಕೆ ಮಾಡುವ ಪ್ರಸಂಗ ನನಗೆ ಬರುವುದೇ ಇಲ್ಲ.

ಮೀನುಗಾರನಿಗೆ ಸಿಗುವುದೇನು? ತಮಿಳುನಾಡು ಸರ್ಕಾರ 2023ರಲ್ಲಿ ನಿಷೇಧ ಕಾಲದ ಪರಿಹಾರವನ್ನು ಕುಟುಂಬವೊಂದಕ್ಕೆ 5,000 ರೂಪಾಯಿಯಿಂದ 8,000ಕ್ಕೆ ಏರಿಸುವುದಾಗಿ ಘೋಷಿಸಿತು. 61 ದಿನಕ್ಕೆ ಹಂಚಿದರೆ ದಿನಕ್ಕೆ 131 ರೂಪಾಯಿ. ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಮೀನುಗಾರನು 1,500 ರೂಪಾಯಿ ತಾನೇ ಕಟ್ಟುತ್ತಾನೆ, ಸರ್ಕಾರದ 3,000 ಸೇರಿ 4,500 ರೂಪಾಯಿ ಮೂರು ತಿಂಗಳ ಪರಿಹಾರವಾಗುತ್ತದೆ. ಹಣ ತಡವಾಗಿ ಬರುತ್ತದೆಂಬ ದೂರು ಎರಡೂ ಕರಾವಳಿಗಳಲ್ಲಿ ಕೇಳಿಬರುತ್ತದೆ. ಇದು ಅಕ್ಕಿ ಬೇಳೆಗೆ ನೆರವಾದೀತು, ಹಲಗೆಗೂ ಹಂಚಿಗೂ ಅಲ್ಲ.

ಸಾಲದ ವ್ಯವಸ್ಥೆಯಲ್ಲಿ ಇನ್ನೊಂದು ವ್ಯತ್ಯಾಸವಿದೆ. ರೈತನ ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿಯನ್ನು ಗೊತ್ತುಮಾಡುವಾಗ ಬೆಳೆಯ ಖರ್ಚಿನ ಜೊತೆಗೆ ಶೇ. 10ರಷ್ಟನ್ನು ಕೊಯ್ಲಿನ ನಂತರದ ಹಾಗೂ ಮನೆವಾರ್ತೆಯ ಅಗತ್ಯಗಳಿಗೆ, ಶೇ. 20ರಷ್ಟನ್ನು ಕೃಷಿ ಆಸ್ತಿಗಳ ದುರಸ್ತಿಗೆ ಸೇರಿಸುವ ಕ್ರಮವಿದೆ. ರೈತನಿಗೊಂದು ಮನೆಯಿದೆ, ಅವನ ಸಾಧನಗಳು ಸವೆಯುತ್ತವೆ ಎಂಬುದನ್ನು ಆ ಕಾರ್ಡು ಒಪ್ಪಿಕೊಂಡಿದೆ. 2018-19ರ ಬಜೆಟ್ಟಿನಲ್ಲಿ ಈ ಕಾರ್ಡನ್ನು ಮೀನುಗಾರರಿಗೂ ವಿಸ್ತರಿಸಿದಾಗ ಅದರ ಮಾರ್ಗಸೂಚಿ ಎಣಿಸಿದ್ದು ಇಂಧನ, ಮಂಜುಗಡ್ಡೆ, ಕೂಲಿ, ಬಂದರಿನ ಶುಲ್ಕದಂಥ ದುಡಿಯುವ ಬಂಡವಾಳವನ್ನು. ಕರ್ನಾಟಕದ ಮತ್ಸ್ಯಾಶ್ರಯ ಯೋಜನೆ ಮನೆಯಿಲ್ಲದವರಿಗೆ ಹೊಸ ಮನೆ ಕಟ್ಟಿಕೊಳ್ಳಲು ನೆರವಾಗುತ್ತದೆ. ಮನೆಯಿದ್ದು ಅದು ಸೋರುತ್ತಿದ್ದರೆ ಹೋಗಬೇಕಾದ ಬಾಗಿಲು ಯಾವುದೆಂಬುದೇ ಪ್ರಶ್ನೆ.

ಆದ್ದರಿಂದ ಮೂರು ಮಾತುಗಳನ್ನು ಮುಂದಿಡುತ್ತೇನೆ. ಮೊದಲನೆಯದು, ನಿಷೇಧದ ದಿನಾಂಕ ವರ್ಷಗಟ್ಟಲೆ ಮೊದಲೇ ಗೊತ್ತಿರುವುದರಿಂದ ಪರಿಹಾರದ ಹಣ ನಿಷೇಧದ ಮೊದಲ ವಾರದಲ್ಲೇ ಖಾತೆಗೆ ಬೀಳಬೇಕು. ಎರಡನೆಯದು, ರೈತನ ಕಾರ್ಡಿನಲ್ಲಿರುವ ಮನೆಯ ಪಾಲು ಮತ್ತು ದುರಸ್ತಿಯ ಪಾಲು ಮೀನುಗಾರನ ಕಾರ್ಡಿಗೂ ಬರಬೇಕು. ಮೂರನೆಯದು ನಮ್ಮ ಕರಾವಳಿಗೆ ಸಂಬಂಧಿಸಿದ್ದು. ಮೀನುಗಾರ ಮಹಿಳೆಯರಿಗೆ ಬಡ್ಡಿಯಿಲ್ಲದ ಸಾಲದ ಮಿತಿಯನ್ನು ಕರ್ನಾಟಕ ಸರ್ಕಾರ 2023ರ ಬಜೆಟ್ಟಿನಲ್ಲಿ 50 ಸಾವಿರದಿಂದ 3 ಲಕ್ಷಕ್ಕೆ ಏರಿಸಿತು. ಮನೆಯ ದುರಸ್ತಿಯನ್ನೂ ಅದರ ಉದ್ದೇಶಗಳಲ್ಲಿ ಸೇರಿಸಿ, ಹಣವನ್ನು ಮಾರ್ಚ್ ಕೊನೆಯೊಳಗೆ ಕೊಟ್ಟು, ಕಂತನ್ನು ಸೆಪ್ಟೆಂಬರಿನಿಂದ ಆರಂಭಿಸಬೇಕು. ಆಗ ಬೇಸಿಗೆಯಲ್ಲಿ ಮಾಡು ಸರಿಯಾಗುತ್ತದೆ, ಮಳೆಯಲ್ಲಿ ದೋಣಿ ಸರಿಯಾಗುತ್ತದೆ, ಎರಡಕ್ಕೂ ಒಂದೇ ಗಂಟಿನ ಮೇಲೆ ಕಣ್ಣಿಡುವ ಅಗತ್ಯ ಬೀಳುವುದಿಲ್ಲ.

ಹೊರನಾಡಿನಲ್ಲಿರುವ ನಾವು ಊರಿನ ಕಡಲನ್ನು ನೆನೆಯುವುದು ಹೆಚ್ಚಾಗಿ ಮೀನಿನ ರುಚಿಯ ಮೂಲಕ, ಇಲ್ಲವೇ ಆಗಸ್ಟಿನಲ್ಲಿ ಸಮುದ್ರಪೂಜೆಯ ಚಿತ್ರಗಳ ಮೂಲಕ. ಆ ಚಿತ್ರಗಳಲ್ಲಿ ದೋಣಿಗಳು ಹೊಸ ಬಣ್ಣದಲ್ಲಿ ಹೊಳೆಯುತ್ತಿರುತ್ತವೆ. ಅವುಗಳ ಹಿಂದೆ, ತೆಂಗಿನ ಸಾಲಿನ ಆಚೆ, ಟಾರ್ಪಾಲು ಹೊದೆಸಿ ಕಲ್ಲು ಹೇರಿದ ಮಾಡುಗಳೂ ಕಾಣಬಹುದು. ಆ ಮನೆಗಳ ಪಾಲಿನ ಹಣವೂ ದೋಣಿಯ ಬಣ್ಣದಲ್ಲಿ ಸೇರಿದೆ.