ನದಿಗೆ ವಿಷ ಸೇರಿದರೆ ನಮಗೆ ಹೇಳಬೇಕಾದವರು ಯಾರು?

'ನದಿಗೆ ಕೆಮಿಕಲ್ ಸೇರಿದೆ, ನಲ್ಲಿ ನೀರು ಮುಟ್ಟಬೇಡಿ, ಎಲ್ಲ ಗ್ರೂಪಿಗೂ ಕಳಿಸಿ.' ಇಂಥ ಮೆಸೇಜು ಬಂದಾಗ ನಂಬುವುದೋ ಬಿಡುವುದೋ ತಿಳಿಯುವುದಿಲ್ಲ. ಈ ಗೊಂದಲಕ್ಕೆ ಫಾರ್ವರ್ಡ್ ಮಾಡುವವರಷ್ಟೇ ಕಾರಣರಲ್ಲ. ಹೇಳಬೇಕಾದವರು ಸುಮ್ಮನಿರುವುದೂ ಕಾರಣ. ಚೀನಾದಲ್ಲಿ ಒಮ್ಮೆ ಹೀಗೇ ಆಗಿತ್ತು.

2005ರ ನವೆಂಬರ್ 13ರಂದು ಜಿಲಿನ್ ನಗರದ ಪೆಟ್ರೋಕೆಮಿಕಲ್ ಕಾರ್ಖಾನೆಯಲ್ಲಿ ಸ್ಫೋಟವಾಯಿತು. ಬೆಂಜೀನ್ ಹಾಗೂ ಅದೇ ಜಾತಿಯ ಸುಮಾರು 100 ಟನ್ ರಾಸಾಯನಿಕ ಸೊಂಗ್‌ಹುವಾ ನದಿಗೆ ಸೇರಿತು. ಅದೇ ನದಿಯ ಕೆಳಭಾಗದಲ್ಲಿರುವ ಹಾರ್ಬಿನ್ ನಗರದ ಲಕ್ಷಾಂತರ ಜನ ಕುಡಿಯುತ್ತಿದ್ದುದು ಆ ನೀರನ್ನೇ. ಎಂಟು ದಿನಗಳ ನಂತರ ನಗರಾಡಳಿತ, ಪೈಪ್ ರಿಪೇರಿಗಾಗಿ ನಾಲ್ಕು ದಿನ ನೀರು ಬಂದ್ ಎಂದು ಪ್ರಕಟಿಸಿತು. ಇಡೀ ನಗರಕ್ಕೆ ಒಟ್ಟಿಗೇ ರಿಪೇರಿಯೇ? ಜನ ನಂಬಲಿಲ್ಲ. ಭೂಕಂಪ ಆಗುತ್ತದಂತೆ ಎಂಬ ಸುದ್ದಿ ಹಬ್ಬಿತು. ಅಂಗಡಿಗಳಲ್ಲಿ ಬಾಟಲಿ ನೀರು ಖಾಲಿಯಾಯಿತು. ನಿಜ ಹೊರಬಂದದ್ದು ಆಮೇಲೆ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ? 1974ರ ಜಲ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಅಪಘಾತದಿಂದ ವಿಷಕಾರಿ ವಸ್ತು ಹೊಳೆಗೋ ಬಾವಿಗೋ ಸೇರಿ ನೀರು ಕೆಟ್ಟರೆ, ಆ ಜಾಗದ ಹೊಣೆ ಹೊತ್ತವರು ತಕ್ಷಣ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು. ಅಪಾಯಕಾರಿ ರಾಸಾಯನಿಕಗಳ ಬಗೆಗಿನ 1989ರ ನಿಯಮಗಳ ಪ್ರಕಾರ, ದೊಡ್ಡ ಅಪಘಾತವಾದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಕಾರ್ಖಾನೆ ಸುತ್ತಲಿನ ಜನರಿಗೆ ಮೊದಲೇ ಹೇಳಿರಬೇಕು. ಆದರೆ ಇಂತಿಷ್ಟು ಗಂಟೆಯೊಳಗೆ ನದಿಯ ಕೆಳಗಿನ ಊರುಗಳಿಗೆ ತಿಳಿಸಿ ಎಂದು 31ನೇ ಸೆಕ್ಷನ್ ಹೇಳುವುದಿಲ್ಲ. ಕಚೇರಿಗೆ ಮುಟ್ಟಿದ ಸುದ್ದಿ ಊರಿಗೆ ಬರುವ ಮುಂಚೆಯೇ ನೀರು ಬಂದಿರಬಹುದು.

'ಕುದಿಸಿ ಕುಡಿದರೆ ಏನೂ ಆಗಲ್ಲ' ಎಂಬ ಮಾತೂ ಇಲ್ಲಿ ತಪ್ಪು. ಕುದಿಸಿದರೆ ಸಾಯುವುದು ರೋಗಾಣುಗಳು. ಸೀಸ, ಪಾದರಸಕ್ಕೆ ಕುದಿಸುವುದು ಪರಿಹಾರವಲ್ಲ. ಬೆಂಜೀನ್ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ.

ಹಾಗಾಗಿ ಇಂಥ ಮೆಸೇಜಿನಲ್ಲಿ ನಾವು ಮೊದಲು ನೋಡುವುದು ಮೂರು ವಿಷಯ: ಯಾವ ನದಿ, ಯಾವ ದಿನ, ಹೇಳಿದವರು ಯಾರು. ಇವು ಇಲ್ಲದಿದ್ದರೆ ಕಳಿಸುವ ಮುನ್ನ ಪಂಚಾಯಿತಿಗೋ ನೀರು ಸರಬರಾಜು ಕಚೇರಿಗೋ ಫೋನ್ ಮಾಡಿ ಕೇಳಿ. ಸಂಶಯ ತೀರುವವರೆಗೆ ಬೇರೆ ನೀರು ಬಳಸಿ. ಮೀನು ಸತ್ತು ತೇಲುತ್ತಿದ್ದರೆ, ನೀರಿನ ಬಣ್ಣ ಅಥವಾ ವಾಸನೆ ಬದಲಾಗಿದ್ದರೆ, ಜಾಗ, ಸಮಯ, ಫೋಟೊ ಸಮೇತ ಮಂಡಳಿಗೆ ದೂರು ಕೊಡಿ. ಗ್ರೂಪಿಗೆ ಕಳಿಸುವುದು ಆಮೇಲೆ.