ಚೆಂಡುಹೂವಿನ ಮೂರು ತಿಂಗಳು

ಗುಂಡ್ಲುಪೇಟೆ ಸೀಮೆಯಲ್ಲಿ ಚೆಂಡುಹೂ ನೆಟ್ಟು, ಬಿಡಿಸಿ, ಮೂಟೆ ಕಟ್ಟಿ, ಬಣ್ಣ ತೆಗೆಯುವ ಕಾರ್ಖಾನೆಗೆ ತೂಗಿಕೊಡುವಷ್ಟರಲ್ಲಿ ಮೂರು ನಾಲ್ಕು ತಿಂಗಳು ಸರಿದಿರುತ್ತದೆ. ಕೇರಳದಿಂದ ಬಂದವರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವ ಆ ಹಳದಿಯೊಳಗೆ ಸೊಂಟ ಬಗ್ಗಿಸಿ ಹೂ ಬಿಡಿಸುವವರಲ್ಲಿ ಹೆಂಗಸರೇ ಹೆಚ್ಚು. ಅಲ್ಲಿ ಮೇಸ್ತ್ರಿಯೊಬ್ಬ ಒಬ್ಬಾಕೆಯ ಮೈಮೇಲೆ ಕೈಹಾಕಿದ ಎಂದಿಟ್ಟುಕೊಳ್ಳಿ. ದೂರು ಕೊಡಲು ಆಕೆಗಿರುವ ಅವಧಿಯೂ ಹೆಚ್ಚುಕಡಿಮೆ ಅಷ್ಟೇ, ಒಂದು ಬೆಳೆಯ ಕಾಲ.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಘಟನೆ ನಡೆದ ಮೂರು ತಿಂಗಳೊಳಗೆ ವಿಚಾರಣೆ ಮಾಡುವ ಸಮಿತಿಗೆ ಬರೆದು ದೂರು ಕೊಡಬೇಕು. ಕಿರುಕುಳ ಪದೇಪದೇ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ತಡವಾದದ್ದಕ್ಕೆ ತಕ್ಕ ಕಾರಣವಿದೆ ಎಂದು ಸಮಿತಿಗೆ ಮನವರಿಕೆಯಾದರೆ, ಅದನ್ನು ದಾಖಲಿಸಿ ಇನ್ನು ಮೂರು ತಿಂಗಳು ಕೊಡಬಹುದು. ಅಲ್ಲಿಗೆ ಬಾಗಿಲು ಮುಚ್ಚಿತು.

ಮುಚ್ಚಿದ ಬಾಗಿಲಿಗೆ ತಲೆ ಬಡಿಸಿಕೊಂಡವರಲ್ಲಿ ಕೋಲ್ಕತ್ತದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಅಧ್ಯಾಪಕಿಯೊಬ್ಬರಿದ್ದಾರೆ. ಕುಲಪತಿಯ ಮೇಲೆ ಅವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಟ್ಟದ್ದು 2023ರ ಡಿಸೆಂಬರ್ 26ರಂದು. ಅವರು ಹೇಳಿದ ಕೊನೆಯ ಘಟನೆ ಆ ವರ್ಷದ ಏಪ್ರಿಲ್‌ನದು. ಆರು ತಿಂಗಳು ಮೀರಿತ್ತು. 2025ರ ಸೆಪ್ಟೆಂಬರ್ 12ರಂದು ಸುಪ್ರೀಂ ಕೋರ್ಟ್ ಕೂಡ ಅವಧಿ ಮುಗಿದಿದೆ ಎಂದೇ ಹೇಳಿತು. ಆದರೂ ಆ ತೀರ್ಪನ್ನು ಕುಲಪತಿ ತಮ್ಮ ಸ್ವವಿವರದಲ್ಲಿ ಸೇರಿಸಬೇಕೆಂದು ಸೂಚಿಸಿತು. ಆರೋಪ ನಿಜವೋ ಸುಳ್ಳೋ ಎಂಬ ವಿಚಾರಣೆಯೇ ನಡೆಯಲಿಲ್ಲ. ಇದು ಆಪಾದಿತನಿಗೂ ನ್ಯಾಯವಲ್ಲ. ಕಾನೂನು ಪಾಠ ಹೇಳುವವರಿಗೇ ತಪ್ಪಿಹೋದ ಗಡುವು ಹೂ ಬಿಡಿಸುವ ಹೆಂಗಸಿಗೆ ಸಿಗುತ್ತದೆಯೇ?

ಹತ್ತು ಜನರಿಗಿಂತ ಕಡಿಮೆ ಇರುವ ಹೊಲ, ಅಂಗಡಿ, ಹೋಂಸ್ಟೇಗಳ ಕೆಲಸದವರು ಹೋಗಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಮಾಲೀಕನ ಮೇಲೇ ದೂರಿದ್ದರೂ ಅಲ್ಲಿಗೇ. ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ದೂರು ತೆಗೆದುಕೊಂಡು ಏಳು ದಿನದೊಳಗೆ ಸಮಿತಿಗೆ ದಾಟಿಸಬೇಕು. ಬರೆಯಲು ಬಾರದಿದ್ದರೆ ಸಮಿತಿಯೇ ನೆರವಾಗಬೇಕು. ಕಾಗದದ ಮೇಲೆ ಎಲ್ಲವೂ ಚೆಂದ. ಆದರೆ ಕಾಯ್ದೆ ಬಂದು ಹನ್ನೊಂದು ವರ್ಷವಾದ ಮೇಲೂ, 2024ರ ಡಿಸೆಂಬರ್‌ನಲ್ಲಿ, ಈ ಕಾಯ್ದೆಯಡಿ ಜಿಲ್ಲಾ ಅಧಿಕಾರಿಗಳನ್ನು ಗೊತ್ತುಮಾಡಿ, ಸಮಿತಿ ರಚಿಸಿ, ನೋಡಲ್ ಅಧಿಕಾರಿಗಳನ್ನು ನೇಮಿಸಿ ಎಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೊಸದಾಗಿ ಗಡುವು ಹಾಕಬೇಕಾಯಿತು. ಸರ್ಕಾರಗಳಿಗೆ ಹನ್ನೊಂದು ವರ್ಷ, ಕೂಲಿ ಹೆಂಗಸಿಗೆ ತೊಂಬತ್ತು ದಿನ! ಕಿರುಕುಳಕ್ಕೆ ಏನು ಶಿಕ್ಷೆಯೆಂದು ಗೋಡೆಯ ಮೇಲೆ ಬರೆಸುವುದು, ತನ್ನಲ್ಲೇ ಸಮಿತಿಯಿದ್ದರೆ ಅದರ ಆದೇಶ ಹಾಕಿಸುವುದು ಮಾಲೀಕನ ಹೊಣೆ. ಬರೆಸದ ಕಡೆ ಗಡಿಯಾರ ಓಡಿಸುವುದು ತಪ್ಪು ಮಾಡಿದವನಿಗೇ ಉಡುಗೊರೆ ಕೊಟ್ಟಂತೆ. ಮೂರು ತಿಂಗಳನ್ನು ಒಂದು ವರ್ಷಕ್ಕೆ ಏರಿಸುವ ಖಾಸಗಿ ಮಸೂದೆ 2024ರಲ್ಲಿ ರಾಜ್ಯಸಭೆಗೆ ಬಂದಿತ್ತು. ಅವಧಿ ಹೆಚ್ಚಿದರೆ ಸಾಲದು, ಬೋರ್ಡ್ ಬಿದ್ದ ದಿನದಿಂದ ಲೆಕ್ಕ ಶುರುವಾಗಬೇಕು.

ಮುಚ್ಚಿದ ಬಾಗಿಲು ಮತ್ತೆ ತೆರೆದದ್ದೂ ಉಂಟು. ಅಮೆರಿಕದ ನ್ಯೂಯಾರ್ಕ್ ರಾಜ್ಯ 2022ರಲ್ಲಿ ವಿಶೇಷ ಕಾನೂನು ಮಾಡಿ, ಅವಧಿ ಮೀರಿದ ಲೈಂಗಿಕ ದೌರ್ಜನ್ಯದ ಸಿವಿಲ್ ದಾವೆಗಳಿಗೆ ಒಂದು ವರ್ಷ ಬಾಗಿಲು ತೆರೆದಿತ್ತು. ಸಾವಿರಾರು ದಾವೆಗಳು ಬಂದವು. ಜೈಲಿನಲ್ಲಿ ಕಾವಲುಗಾರರಿಂದ ದೌರ್ಜನ್ಯಕ್ಕೊಳಗಾದೆವು ಎಂದ ಹೆಂಗಸರದೇ ಅದರಲ್ಲಿ ದೊಡ್ಡ ಪಾಲು.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ತಿಳಿಯದೆ ಕೈಚೆಲ್ಲಿದವರು ಬಹಳ. ಮೂರು ತಿಂಗಳ ಲೆಕ್ಕ ಸಮಿತಿಯದು, ಪೊಲೀಸ್ ಠಾಣೆಯದಲ್ಲ. ಅತ್ಯಾಚಾರದ ಮೊಕದ್ದಮೆಗೆ ಕಾಲಮಿತಿಯೇ ಇಲ್ಲ. ಮಾನಭಂಗದ ಉದ್ದೇಶದಿಂದ ಕೈಮಾಡಿದ ಅಪರಾಧಕ್ಕೂ ಇಲ್ಲ, ಭಾರತೀಯ ನ್ಯಾಯ ಸಂಹಿತೆಯ 74ನೇ ಸೆಕ್ಷನ್‌ನಲ್ಲಿ ಅದಕ್ಕೆ ಐದು ವರ್ಷದವರೆಗೆ ಶಿಕ್ಷೆಯಿದೆ. ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ ಕಾಲಮಿತಿ. ಅಶ್ಲೀಲ ಮಾತಿನ ಕಿರುಕುಳಕ್ಕೆ ಅದು ಒಂದು ವರ್ಷ.

ಹೂವಿನ ಕೆಲಸ ಮುಗಿದ ಮೇಲೆ ಗುಂಡ್ಲುಪೇಟೆಯ ಎಷ್ಟೋ ಆಳುಗಳು ಕೇರಳದ ವಯನಾಡಿಗೆ ಕೂಲಿಗೆ ಹೊರಡುತ್ತಾರೆ. ಅಲ್ಲಿ ತೊಂದರೆಯಾದರೆ ಹೋಗಬೇಕಾದ ಜಿಲ್ಲಾ ಸಮಿತಿ ಕಲ್ಪೆಟ್ಟದ್ದು. ಕೂಲಿ ಹೆಂಗಸು ದೂರು ಹೇಳುವುದು ಕನ್ನಡದಲ್ಲಿ, ಕೇಳಿಸಿಕೊಳ್ಳುವವರ ಭಾಷೆ ಮಲಯಾಳ. ವಾರದ ಬಟವಾಡೆ ಮಾತ್ರ ಅದೇ ಮೇಸ್ತ್ರಿಯ ಕೈಯಲ್ಲಿ.