ಹಾಸಿಗೆ ಕಿತ್ತುಕೊಂಡವರೇ ‘ಕಾಲು ಮಡಚು’ ಅನ್ನುತ್ತಾರೆ

“ಆದದ್ದು ಆಗಿಹೋಯ್ತು. ಹಳೇದನ್ನ ಮರೆತುಬಿಡು. ಇದ್ದುದರಲ್ಲಿ ನೆಮ್ಮದಿಯಾಗಿರು.”

ಗಂಡನ ಮನೆಯ ಹೊಡೆತ ತಾಳಲಾರದೆ ಹೊರಬಂದ ಯಾವ ಹೆಣ್ಣು ಈ ಮಾತು ಕೇಳಿಲ್ಲ? ತವರಿನ ಜಗುಲಿಯ ಮೇಲೆ, ಊರ ಹಿರಿಯರ ಪಂಚಾಯ್ತಿಯಲ್ಲಿ, ಪೊಲೀಸ್ ಠಾಣೆಯ ಬೆಂಚಿನ ಮೇಲೆ, ಕಡೆಗೆ ನಮ್ಮ ಸಂಘದ ವಾರದ ಸಭೆಯಲ್ಲೂ ಇದೇ ಮಾತು. ಹೇಳುವವರಲ್ಲಿ ಕೆಲವರಿಗೆ ನಿಜವಾದ ಕನಿಕರ ಇರುತ್ತದೆ. ಆದರೆ ಈ ಮಾತಿನಿಂದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ಒಮ್ಮೆ ನೋಡೋಣ. ಪ್ರತಿವಾರ ಜಮಾ-ಖರ್ಚು ಬರೆಯುವ ನಮಗೆ ಲೆಕ್ಕ ಹೊಸದಲ್ಲ.

ನಮ್ಮ ನಡುವಿನ ಒಬ್ಬಳನ್ನು ತೆಗೆದುಕೊಳ್ಳಿ. ಹೆಸರು ಬೇಡ, ಇಂಥವಳು ನಿಮ್ಮ ಸಂಘದಲ್ಲೂ ಇರುತ್ತಾಳೆ. ಮದುವೆಗೆಂದು ಅಪ್ಪ ಅರ್ಧ ಎಕರೆ ಮಾರಿದ. ನಗದು ಕೊಟ್ಟ, ಬೈಕು ಕೊಟ್ಟ, ನಲವತ್ತು ಗ್ರಾಂ ಚಿನ್ನ ಹಾಕಿದ. ಅದೂ ಸಾಲದೆಂದು ಆರು ವರ್ಷ ಅವಳಿಗೆ ಹೊಡೆದರು. ಕಡೆಗೊಂದು ರಾತ್ರಿ ಮಗಳನ್ನು ಎತ್ತಿಕೊಂಡು ಉಟ್ಟ ಸೀರೆಯಲ್ಲೇ ಬಂದಳು. ಈಗ ಪಟ್ಟಣದಲ್ಲಿ ಒಂದು ಕೋಣೆಯ ಬಾಡಿಗೆ ಮನೆ, ಗಾರ್ಮೆಂಟ್ಸ್ ಕೆಲಸ. ಸಂತೆ ಎದ್ದುಹೋಗುವ ಹೊತ್ತಿಗೆ ಹೋದರೆ ತರಕಾರಿ ಅಗ್ಗವೆಂದು ಆಗಲೇ ಹೋಗುತ್ತಾಳೆ. ಹಬ್ಬಕ್ಕೆ ಹೊಸ ಬಟ್ಟೆ ಮಗಳಿಗೆ ಮಾತ್ರ. ಆದರೂ ಸಂಘದ ಉಳಿತಾಯ ಒಂದು ವಾರವೂ ತಪ್ಪಿಸಿದವಳಲ್ಲ.

“ಕೈಯಲ್ಲಿ ಕಾಸಿಲ್ಲ ಅಕ್ಕಾ. ಆದರೆ ರಾತ್ರಿ ಬಾಗಿಲು ತಟ್ಟಿದ ಸದ್ದಿಗೆ ಎದೆ ನಡುಗೋದಿಲ್ಲ” ಎನ್ನುತ್ತಾಳೆ.

ಈ ಮಾತು ನಿಜ. ಹೆದರಿಕೆಯಿಲ್ಲದೆ ಕುಡಿದ ಗಂಜಿ, ಹೆದರಿ ತಿಂದ ಹೋಳಿಗೆಗಿಂತ ಮೇಲು. ಕಡಿಮೆ ದುಡ್ಡಿನಲ್ಲಿ ಸಂಸಾರ ತೂಗಿಸುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೇಕಾದರೆ ಅವಳಿಂದ ಬೇರೆಯವರು ಕಲಿಯಲಿ.

ಆದರೆ ಅವಳ ಚಿನ್ನ ಎಲ್ಲಿ? ಗಂಡ ತನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಅಡವಿಟ್ಟಿದ್ದಾನೆ. ಬೈಕು ಎಲ್ಲಿ? ಅವನೇ ಓಡಿಸುತ್ತಿದ್ದಾನೆ. ಅವಳ ಹೆಸರು ಎಲ್ಲಿ? ಇನ್ನೂ ಗಂಡನ ಮನೆಯ ರೇಷನ್ ಕಾರ್ಡಿನಲ್ಲೇ ಇದೆ. ಆದ್ದರಿಂದ ಅವಳ ಪಾಲಿನ ಅಕ್ಕಿ ಅವಳಿಗಿಲ್ಲ. 2023ರಲ್ಲಿ ಗೃಹಲಕ್ಷ್ಮಿ ಬಂತು, ತಿಂಗಳಿಗೆ 2000 ರೂಪಾಯಿ. ಅದು ಸಿಗುವುದು ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಹೆಸರಿರುವವಳಿಗೆ. ಆ ಕಾರ್ಡಿನಲ್ಲಿ ಯಜಮಾನಿ ಅತ್ತೆ!

ಹಾಗಾದರೆ ‘ಹಳೇದು’ ಅಂದರೆ ಏನು? ತಲೆಯೊಳಗಿನ ನೆನಪು ಮಾತ್ರವೇ? ಅಲ್ಲ. ಅದು ಬ್ಯಾಂಕಿನ ಲಾಕರಿನಲ್ಲಿದೆ, ಕಾರ್ಡಿನಲ್ಲಿದೆ, ಅವರ ಅಂಗಳದಲ್ಲಿ ನಿಂತಿದೆ. ಅವಳಿಗೆ ‘ಹಳೇದನ್ನ ಬಿಡು’ ಎನ್ನುವ ಹಿರಿಯರು, ಹಳೇದನ್ನೆಲ್ಲ ಹಿಡಿದುಕೊಂಡು ಕೂತವರಿಗೆ ‘ಬಿಟ್ಟುಕೊಡಿ’ ಎಂದು ಯಾಕೆ ಹೇಳುವುದಿಲ್ಲ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಒಳ್ಳೆಯ ಗಾದೆ. ಆದರೆ ಹಾಸಿಗೆಯನ್ನೇ ಕಿತ್ತುಕೊಂಡವರು ಈ ಗಾದೆ ಹೇಳಿದರೆ ಅದನ್ನು ಬುದ್ಧಿಮಾತು ಎನ್ನಲಾಗದು.

ಇಲ್ಲಿ ನಾವು ಎರಡು ‘ಬಿಡುವುದನ್ನು’ ಬೇರೆ ಬೇರೆ ಮಾಡಬೇಕು. ನೋವನ್ನು ಬಿಡುವುದು ಒಂದು. ‘ನನ್ನದೇ ತಪ್ಪಿತ್ತೇನೋ’ ಎಂಬ ಕೊರಗು, ‘ನಾಲ್ಕು ಜನ ಏನಂದಾರು’ ಎಂಬ ನಾಚಿಕೆ, ಅವನು ಬದಲಾಗುತ್ತಾನೆಂಬ ಸುಳ್ಳು ಆಸೆ, ಇವನ್ನು ಬಿಡಬೇಕು. ಬಿಟ್ಟರೆ ಬದುಕು ಹಗುರವಾಗುತ್ತದೆ. ಯಾವಾಗ ಬಿಡುವುದೆಂದು ತೀರ್ಮಾನಿಸುವವಳು ಅವಳೇ. ಹಕ್ಕನ್ನು ಬಿಡುವುದು ಇನ್ನೊಂದು. ಅದನ್ನು ಬಿಟ್ಟರೆ ಹಗುರವಾಗುವುದು ಹೊಡೆದವನ ಹೆಗಲು. ಅವಳ ಹೆಗಲ ಮೇಲೆ ಬಾಡಿಗೆ, ಮಗಳ ಶಾಲೆ, ಔಷಧಿ ಹಾಗೇ ಉಳಿಯುತ್ತವೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಆದರೂ ತೆಗೆದುಕೊಂಡಿದ್ದರೆ, 1961ರ ವರದಕ್ಷಿಣೆ ನಿಷೇಧ ಕಾಯಿದೆಯ 6ನೇ ಕಲಮಿನ ಪ್ರಕಾರ ಅದನ್ನು ಮೂರು ತಿಂಗಳೊಳಗೆ ಹೆಣ್ಣಿಗೆ ಒಪ್ಪಿಸಬೇಕು. ಒಪ್ಪಿಸುವವರೆಗೆ ಅವಳ ಪರವಾಗಿ ಇಟ್ಟುಕೊಂಡಂತೆ, ಅಷ್ಟೆ. ಒಡವೆ, ಪಾತ್ರೆ, ಬಟ್ಟೆ ಅವಳ ಸ್ತ್ರೀಧನ, ಅದು ಗಂಡನ ಆಸ್ತಿಯಾಗುವುದಿಲ್ಲ ಎಂದು 1985ರಲ್ಲಿ ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2005ರ ಕೌಟುಂಬಿಕ ಹಿಂಸೆ ಕಾಯಿದೆಯಲ್ಲಿ ವಾಸಕ್ಕೆ ಮನೆ, ಖರ್ಚಿಗೆ ಹಣ, ಸ್ತ್ರೀಧನ ವಾಪಸು, ಮೂರನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು.

ಈ ಹಕ್ಕುಗಳು ಸುಮ್ಮನೆ ಬಂದವಲ್ಲ. ಜೀವನಾಂಶದ ಕಥೆಯನ್ನೇ ನೋಡಿ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಹೆಂಡತಿಗೆ ಜೀವನಾಂಶ ಕೊಡಿ ಎಂದಿತು. ಆದರೆ ತಿಂಗಳಿಗೆ 500 ರೂಪಾಯಿ ಮೀರಬಾರದು ಎಂದೂ ಹೇಳಿತು. ಅಕ್ಕಿಯ ಬೆಲೆ ಏರಿತು, ಬಾಡಿಗೆ ಏರಿತು, ಗಂಡಸರ ಸಂಬಳ ಏರಿತು. ಹೆಣ್ಣಿನ 500 ಮಾತ್ರ ಅಲ್ಲೇ ನಿಂತಿತ್ತು. ಆ ಮಿತಿಯನ್ನು ತೆಗೆದದ್ದು 2001ರಲ್ಲಿ. ‘ಇದ್ದುದರಲ್ಲಿ ಬದುಕು’ ಎಂದು ಕಾನೂನೇ ಹೇಳುತ್ತಿದ್ದ ಕಾಲ ಅದು. ಮನುಷ್ಯರು ಹೇಳಿದರೂ ಕಾನೂನು ಹೇಳಿದರೂ ಉಪದೇಶ ಹೆಣ್ಣಿಗೇ!

ಈಗ ಆ ಕಲಮು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಇನ್ನೊಂದು ಮುಖ್ಯ ವಿಷಯ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಿ ಕೊಡಿಸಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಮನೆ ಬಿಟ್ಟು ಬಂದ ದಿನದಿಂದ ಅಲ್ಲ, ಅರ್ಜಿ ಹಾಕಿದ ದಿನದಿಂದ. ಹಿರಿಯರ ಮಾತು ಕೇಳಿ ‘ಇರಲಿ, ನೋಡೋಣ’ ಎಂದು ಎರಡು ವರ್ಷ ಸುಮ್ಮನಿದ್ದರೆ ಇಪ್ಪತ್ತನಾಲ್ಕು ತಿಂಗಳ ಅನ್ನ ಹೋಯಿತು. ಆ ಹಿರಿಯರು ತುಂಬಿಕೊಡುತ್ತಾರೆಯೇ?

ಕೋರ್ಟು ಕಚೇರಿ ಸುತ್ತುವುದು ಹಳೆ ಗಾಯ ಕೆದಕಿದಂತೆ ಎನ್ನುವವರಿದ್ದಾರೆ. ಸುಳ್ಳಲ್ಲ. ಒಂದು ದಿನದ ಕೂಲಿ ಬಿಟ್ಟು ಹೋದರೆ ಮುಂದಿನ ತಾರೀಖು ಕೊಡುತ್ತಾರೆ. ಎದುರು ಪಕ್ಷದ ವಕೀಲರು ಕೇಳಬಾರದ್ದನ್ನು ಕೇಳುತ್ತಾರೆ. ಸಾಕಾಗಿ ‘ನನಗೇನೂ ಬೇಡ’ ಎಂದವಳನ್ನು ನಾವು ಹಂಗಿಸಬಾರದು. ಆದರೆ ಏನು ಬರಬೇಕಿತ್ತು ಎಂದು ತಿಳಿದು ಬೇಡವೆನ್ನುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ.

ಸರಳ ಬದುಕಿಗೆ ನಮ್ಮ ನಾಡಿನಲ್ಲಿ ದೊಡ್ಡ ಮಾದರಿ ಇದೆ. ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ಬದುಕಿದವರು ಮಾರಯ್ಯ, ಲಕ್ಕಮ್ಮ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಬೇಡ, ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು ಎಂಬ ಕಥೆ ನಮಗೆಲ್ಲ ಗೊತ್ತು. ಸಾಕು ಎಂದವಳು ಲಕ್ಕಮ್ಮ. ಅಳತೆ ಅವಳ ಕೈಯಲ್ಲಿತ್ತು. ಗಂಡನೂ ಆ ಅಳತೆಗೆ ಒಪ್ಪಿ ನಡೆದ. ಇಂದು ನಮಗೆ ‘ಸಾಕು’ ಎನ್ನುತ್ತಿರುವವರು ಯಾರು? ನಮ್ಮ ಮಡಿಲ ಅಕ್ಕಿಯನ್ನು ತಮ್ಮ ಕಣಜಕ್ಕೆ ಸುರಿದುಕೊಂಡವರು. ಅವರ ಬಾಯಲ್ಲಿ ಲಕ್ಕಮ್ಮನ ಮಾತು ಬೇಡ.

ಇನ್ನು ನಮ್ಮ ಮನೆಯ ಕಸವನ್ನೂ ಗುಡಿಸೋಣ. ಸಂಘದಲ್ಲಿ ‘ಮಗಳ ಮದುವೆ’ ಎಂದು ಬರೆಸಿ ತೆಗೆದ ಸಾಲ ಎಲ್ಲಿಗೆ ಹೋಗುತ್ತದೆಂದು ನಮಗೆ ಗೊತ್ತಿಲ್ಲವೇ? ಛತ್ರಕ್ಕೆ, ಚಿನ್ನಕ್ಕೆ, ಬೀಗರ ಬೈಕಿಗೆ. ಬೀಡಿ ಕಟ್ಟಿ, ಹಾಲು ಹಾಕಿ ಹತ್ತು ಹೆಂಗಸರು ಕೂಡಿಸಿದ ದುಡ್ಡು ಒಬ್ಬ ಗಂಡಿನ ಬೆಲೆಯಾಗುತ್ತದೆ. ತಾಯಿ ಮೂರು ವರ್ಷ ಕಂತು ಕಟ್ಟುತ್ತಾಳೆ. ಕಂತು ಮುಗಿಯುವ ಮೊದಲೇ ಮಗಳು ಬರಿಗೈಲಿ ವಾಪಸು ಬಂದದ್ದೂ ಉಂಟು. ಸರಳವಾಗಿ ಬದುಕು ಎಂದು ಆ ಮಗಳಿಗೆ ಆಮೇಲೆ ಹೇಳುವ ಬದಲು, ಸರಳವಾಗಿ ಮದುವೆ ಮಾಡೋಣ ಎಂದು ಮೊದಲೇ ಯಾಕೆ ಹೇಳಲಿಲ್ಲ? ಕುವೆಂಪು ಮಂತ್ರಮಾಂಗಲ್ಯದ ದಾರಿ ತೋರಿಸಿದ್ದಾರೆ. ರಿಜಿಸ್ಟರ್ ಮದುವೆ ಇದೆ. ಸರಳತೆ ಬೇಕಾದದ್ದು ಅಲ್ಲಿ.

ಆದ್ದರಿಂದ ಗೆಳತಿಯರೇ, ಮುಂದಿನ ಸಭೆಯಲ್ಲಿ ಈ ನಾಲ್ಕು ಮಾತು ಠರಾವು ಪುಸ್ತಕದಲ್ಲಿ ಬರೆಯೋಣ.

ಒಂದು, ವರದಕ್ಷಿಣೆಗೆ ನಮ್ಮ ಸಂಘ ಸಾಲ ಕೊಡುವುದಿಲ್ಲ. ಮಗಳ ಓದಿಗೆ, ಕಸುಬಿಗೆ, ಮನೆ ಬಿಟ್ಟು ಬಂದವಳ ಮೊದಲ ತಿಂಗಳ ಬಾಡಿಗೆಗೆ ಕೊಡುತ್ತದೆ.

ಎರಡು, ಪ್ರತಿ ಸದಸ್ಯೆಯೂ ಮದುವೆಯಲ್ಲಿ ಕೊಟ್ಟ ಒಡವೆ, ಪಾತ್ರೆ, ಹಣದ ಪಟ್ಟಿ ಬರೆದು, ರಸೀದಿ, ಫೋಟೋ ಜೊತೆಗೆ ನಂಬಿಕೆಯ ಜಾಗದಲ್ಲಿ ಇಡಬೇಕು. ಪಟ್ಟಿ ಇಡುವುದು ಅಪನಂಬಿಕೆಯಲ್ಲ, ಎಚ್ಚರ.

ಮೂರು, ಹೊಡೆತ ತಿಂದು ಬಂದವಳ ಜೊತೆ ಇಬ್ಬರು ಸದಸ್ಯೆಯರು ಸಿಡಿಪಿಓ ಕಚೇರಿಗೆ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬೇಕು. ವರಮಾನ ಎಷ್ಟೇ ಇದ್ದರೂ ಹೆಣ್ಣುಮಕ್ಕಳಿಗೆ ಅಲ್ಲಿ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಅವಳ ಹೆಸರು ಹಳೆಯ ರೇಷನ್ ಕಾರ್ಡಿನಿಂದ ಬಿಡಿಸಿ ಹೊಸ ಕಾರ್ಡಿಗೆ ಅರ್ಜಿ ಹಾಕುವ ತನಕ ಜೊತೆಗಿರಬೇಕು.

ನಾಲ್ಕು, ನಮ್ಮ ಸಭೆಯಲ್ಲಿ ಯಾರಿಗೂ ‘ಮರೆತುಬಿಡು’ ಎಂದು ಹೇಳುವುದಿಲ್ಲ. ‘ನಿನಗೆ ಏನು ಬರಬೇಕು?’ ಎಂದು ಕೇಳುತ್ತೇವೆ.

ಮರೆಯುವ ಕೆಲಸ ಅವಳದ್ದು, ಅವಳಿಗೆ ಬೇಕಾದಾಗ ಮರೆಯಲಿ. ಬಾಕಿ ಬರೆದಿಡುವ ಕೆಲಸ ನಮ್ಮದು. ಅದು ವಸೂಲಾದ ಮೇಲೂ ಅವಳು ಸಂತೆಯ ಅಗ್ಗದ ಸೊಪ್ಪಿನ ಸಾರನ್ನೇ ಉಂಡು ಸುಖವಾಗಿರಬಹುದು. ಆಗ ಅದು ಅವಳು ಆರಿಸಿಕೊಂಡ ಬದುಕು.